ಸಹಿಯ ಮೇಲೆ ವೆಲ್ಡಾಳ ಹೆಬ್ಬೆಟ್ಟು

ವೆಲ್ಡಾ ಹೌಸ್‌ಮನ್ ನನ್ನ ಅಪ್ಪನ ಕಾಗದಕ್ಕೆ ಎಂಜಲು ಹಚ್ಚಿದಳು. ಬೇರೇನು ಹೇಳುವುದಕ್ಕೂ ಮೊದಲು ಇದನ್ನು ಹೇಳಿಬಿಡಬೇಕು. ಯಾಕೆಂದರೆ ಅವಳು ತೀರಿಕೊಂಡ ಮೇಲೆ ಊರಿನಲ್ಲಿ ಎಲ್ಲರೂ ಅವಳ ಬಗ್ಗೆ ಒಳ್ಳೆಯದನ್ನೇ ಹೇಳುತ್ತಿದ್ದಾರೆ. ಚರ್ಚಿನಲ್ಲಿ ಪಾದ್ರಿ ಹೇಳಿದರು, ಜಿಲ್ಲೆಯ ಪತ್ರಿಕೆಯಲ್ಲಿ ಫೋಟೋ ಸಮೇತ ಬಂತು. ಎಂಜಲಿನ ವಿಷಯ ಮಾತ್ರ ಯಾರೂ ಎತ್ತಲಿಲ್ಲ. ಅದು ನನ್ನ ಪಾಲಿಗೆ ಉಳಿಯಿತು.

ನಾನು ಹೆಚ್ಚು ಓದಿದವನಲ್ಲ. ನಮ್ಮ ಲೋನ್ ಎಲ್ಮ್ ಊರಿನ ಶಾಲೆಯ ಬಸ್ಸು ಓಡಿಸುತ್ತಿದ್ದವಳು ಇದೇ ವೆಲ್ಡಾ. ಒಂಬತ್ತನೇ ತರಗತಿಯ ನಡುವೆ ಒಂದು ದಿನ ಅವಳ ಬಸ್ಸಿನಿಂದ ಇಳಿದವನು ಮತ್ತೆ ಹತ್ತಲಿಲ್ಲ. ಅಪ್ಪನ ಜೊತೆ, ಮನೆ ಬೆಚ್ಚಗಿಡುವ ಫರ್ನೇಸ್ ಒಲೆಗಳ ರಿಪೇರಿಗೆ ಸೇರಿಕೊಂಡೆ. ಅಯೋವಾದ ಚಳಿಯಲ್ಲಿ ಫರ್ನೇಸ್ ರಿಪೇರಿಯವನು ಇಳಿಯದ ನೆಲಮಾಳಿಗೆ ಇಲ್ಲ. ಹಾಗಾಗಿ ಯಾರ ಮನೆಯ ಕೆಳಗೆ ಏನಿದೆ ಎಂದು ಪಾದ್ರಿಗಿಂತ ನನಗೆ ಚೆನ್ನಾಗಿ ಗೊತ್ತು. ಕೆಲವರ ಮನೆಯಲ್ಲಿ ಉಪ್ಪಿನಕಾಯಿ, ಕೆಲವರ ಮನೆಯಲ್ಲಿ ಹೆಂಡತಿಗೆ ಗೊತ್ತಿಲ್ಲದ ಬಾಟಲಿ. ವೆಲ್ಡಾಳ ನೆಲಮಾಳಿಗೆಯಲ್ಲಿ ಇದ್ದವರು ಸೋತವರು.

ದೇಶದ ಅಧ್ಯಕ್ಷನಾಗಬೇಕೆಂದು ಆಸೆಪಟ್ಟವರೆಲ್ಲ ಆಗ ಮೊದಲು ನಮ್ಮ ರಾಜ್ಯಕ್ಕೇ ಬರುತ್ತಿದ್ದರು, ಪಕ್ಷದೊಳಗಿನ ಮತದ ಎಣಿಕೆ ಇಲ್ಲಿಂದಲೇ ಶುರುವಾಗುತ್ತಿತ್ತಲ್ಲ. ನಾಲ್ಕು ವರ್ಷಕ್ಕೊಮ್ಮೆ ಬರುವ ಆ ಚಳಿಗಾಲದಲ್ಲಿ ಆರ್ಡಿತ್‌ಳ ಹೋಟೆಲಿನಲ್ಲಿ ನೆಮ್ಮದಿಯಾಗಿ ಒಂದು ಕಾಫಿ ಕುಡಿಯುವಂತಿರಲಿಲ್ಲ. ಒಬ್ಬ ಸೆನೆಟರ್ ಬಂದು ಕೈ ಕುಲುಕುವನು, ಅವನು ಬಿಟ್ಟರೆ ಒಬ್ಬ ಗವರ್ನರ್ ಹಿಡಿದುಕೊಳ್ಳುವನು, ಕಾಫಿ ಆರಿ ಹೋಗುವುದು. ಎಣಿಕೆ ಮುಗಿದ ಮರುದಿನ ಒಬ್ಬಿಬ್ಬರು ಮುಂದಿನ ರಾಜ್ಯಕ್ಕೆ, ಉಳಿದವರು ಮುಖ ಇಳಿಬಿಟ್ಟುಕೊಂಡು ತಮ್ಮ ತಮ್ಮ ಮನೆಗೆ. ಅವರ ಹೆಸರು ಬರೆದ ಬಿಲ್ಲೆ, ಟೋಪಿ, ಬೋರ್ಡುಗಳೆಲ್ಲ ಹಿಮದಲ್ಲಿ ಬಿದ್ದಿರುತ್ತಿದ್ದವು. ವೆಲ್ಡಾ ಬಸ್ಸು ನಿಲ್ಲಿಸಿ ಇಳಿದು ಅವನ್ನು ಹೆಕ್ಕುತ್ತಿದ್ದಳು. ನಾವು ತಡವಾಗಿ ಶಾಲೆ ಮುಟ್ಟುತ್ತಿದ್ದೆವು. ನಮ್ಮಲ್ಲಿ ಯಾರಿಗೂ ಅದರಿಂದ ಬೇಸರವಾದದ್ದು ಕಾಣೆ.

"ಗೆದ್ದೋರ್ದು ಎಲ್ಲಾರೂ ಇಟ್ಕೋತಾರೆ ಕಣೋ," ಎನ್ನುತ್ತಿದ್ದಳು. "ಸೋತೋರನ್ನ ಯಾರು ಇಟ್ಕೋಬೇಕು?"

ಬಿಲ್ಲೆಗಳು ಉಪ್ಪಿನಕಾಯಿ ಜಾಡಿಗಳಲ್ಲಿ, ಕಾಗದಗಳು ಶೂ ಡಬ್ಬಿಗಳಲ್ಲಿ. ಆ ಕಾಗದಗಳ ಕಥೆಯೇ ಬೇರೆ. ಕೈ ಕುಲುಕಿದವರಿಗೆ, ಹಣ್ಣು ತುಂಬಿ ಬೇಯಿಸಿದ ಪೈ ತಿನ್ನಿಸಿದವರಿಗೆ, ದಾರಿ ತೋರಿಸಿದವರಿಗೆಲ್ಲ ಈ ದೊಡ್ಡ ಮನುಷ್ಯರಿಂದ ಧನ್ಯವಾದದ ಕಾಗದ ಬರುತ್ತಿತ್ತು. ಕೆಳಗಿನ ಸಹಿ ಕೈಯಿಂದ ಹಾಕಿದ್ದೋ ಅಚ್ಚಾಗಿದ್ದೋ? ಇದನ್ನು ತೀರ್ಮಾನಿಸಲು ನಮ್ಮೂರಿನಲ್ಲಿ ಒಂದೇ ಪರೀಕ್ಷೆ. ಕಾಗದ ತಂದವನು ಅದನ್ನು ಹೋಟೆಲಿನ ಮೇಜಿನ ಮೇಲಿಡಬೇಕು. ಯಾರಾದರೂ ಹೆಬ್ಬೆರಳು ನೆಕ್ಕಿ ಸಹಿಯ ಮೇಲೆ ಎಳೆಯಬೇಕು. ಶಾಯಿ ಹರಡಿದರೆ ನಿಜವಾದ ಸಹಿ. ಆರ್ಡಿತ್ ಒಂದು ತುಂಡು ಪೈ ಬಿಟ್ಟಿ ಕೊಡುತ್ತಿದ್ದಳು. ಹರಡದಿದ್ದರೆ ಅಚ್ಚು, ಊರೆಲ್ಲ ನಗುತ್ತಿತ್ತು. ಹೀಗೆ ಉಜ್ಜುವುದರಲ್ಲಿ ವೆಲ್ಡಾಳ ಹೆಬ್ಬೆರಳನ್ನು ಮೀರಿಸಿದ್ದು ಇರಲಿಲ್ಲ. ಬೇರೆಯವರಿಂದ ಆಗದಿದ್ದರೆ ಅವಳನ್ನೇ ಕರೆಯುತ್ತಿದ್ದರು, ಉಜ್ಜಿ ಮುಗಿದು ಮೇಜಿನ ಮೇಲೆ ಉಳಿದ ಕಾಗದ ಅವಳ ಡಬ್ಬಿ ಸೇರುತ್ತಿತ್ತು.

ನನ್ನ ಅಪ್ಪ ಮಿಲೋ ಕುಬಿಚೆಕ್ ಒಬ್ಬನೇ ಇದಕ್ಕೆ ಒಪ್ಪದವನು. ಒಂದು ಹಿಮದ ಬಿರುಗಾಳಿಯಲ್ಲಿ ಹಾಲಿಸ್ ಪ್ರಾಟ್ ಎಂಬ ಸೆನೆಟರನ ಕಾರು ನಮ್ಮ ಮನೆಯೆದುರಿನ ಹಳ್ಳಕ್ಕೆ ಇಳಿಯಿತು. ಅಪ್ಪ ಟ್ರಕ್ಕಿಗೆ ಸರಪಳಿ ಕಟ್ಟಿ ಎಳೆದು, ಆ ರಾತ್ರಿ ಅವನನ್ನು ಸೋಫಾದ ಮೇಲೆ ಮಲಗಿಸಿ, ಬೆಳಿಗ್ಗೆ ಮೊಟ್ಟೆ ಬಡಿಸುತ್ತಾ "ನೀವು ಗೆಲ್ಲಲ್ಲ ಸ್ವಾಮಿ" ಎಂದು ಮುಖಕ್ಕೇ ಹೇಳಿದ್ದ. ನಮ್ಮ ವಂಶದ ನಾಲಿಗೆಯೇ ಹಾಗೆ. ಪ್ರಾಟ್ ಐದನೆಯವನಾಗಿ ಸೋತ. ಆಮೇಲೆ ಅವನಿಂದ ಒಂದು ಕಾಗದ ಬಂತು, ಇಡೀ ಕಾಗದ ಕೈಬರಹ: "ಮಿಲೋ, ನೀನು ಹೇಳಿದಂತೆಯೇ ಆಯಿತು. ನಿನ್ನ ಸೋಫಾವನ್ನು ನಾನು ಮರೆಯಬಹುದು, ನನ್ನ ಬೆನ್ನು ಮರೆಯಲೊಲ್ಲದು."

ಅಪ್ಪ ಅದನ್ನು ಆ ವಾರವೇ ಗಾಜು ಹಾಕಿಸಿ ಗೋಡೆಗೆ ನೇತುಹಾಕಿದ. ಗಾಜು ಹಾಕಿಸಿದ್ದೇ ತಪ್ಪಾಯಿತು, ಹೋಟೆಲಿನಲ್ಲಿ ಎಲ್ಲರ ಬಾಯಿಗೆ ಬಿದ್ದ.

"ಏನ್ ಮಿಲೋ, ಹೆಬ್ಬೆರಳಿಗೆ ಹೆದರಿ ಗಾಜು ಹಾಕ್ಸಿದ್ಯಾ?"

"ಬರ್ದಿದ್ದು ಅವನ ಆಫೀಸಿನ ಹುಡುಗಿ ಇರ್ಬೇಕು. ಸಹಿ ಅಚ್ಚು. ಅದಕ್ಕೇ ಇವ್ನು ಹೊರಗೆ ತೆಗೀತಿಲ್ಲ."

ಅಪ್ಪ ಸಾಯುವವರೆಗೂ ಈ ಮಾತು ನಿಲ್ಲಲಿಲ್ಲ. ಅವನ ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತು ಒಬ್ಬ ಇದೇ ತಮಾಷೆ ಮಾಡಿದ. ಅವನ ಮನೆಯ ಫರ್ನೇಸಿಗೆ ನಾನು ಈಗಲೂ ಕೈ ಹಚ್ಚುವುದಿಲ್ಲ.

ವೆಲ್ಡಾಳಿಗೆ ವಯಸ್ಸಾಯಿತು, ಮೆಟ್ಟಿಲು ಇಳಿಯುವುದು ಕಷ್ಟವಾಯಿತು. ಅವಳಿಗೆ ಮಕ್ಕಳಿಲ್ಲ. ಮನೆ ಸೇರುವುದು ಅರಿಜೋನಾದಲ್ಲಿರುವ ತಂಗಿಯ ಮಗನಿಗೆ. ಅವನೊಮ್ಮೆ ಬಂದು ನೆಲಮಾಳಿಗೆ ನೋಡಿ, "ದೊಡ್ಡಮ್ಮ, ಕಸದ ಲಾರಿ ಒಂದೇ ಸಾಕಾಗುತ್ತೆ" ಎಂದು ಸಮಾಧಾನ ಹೇಳಿ ಹೋದನಂತೆ. ಅಂದಿನಿಂದ ಅವಳಿಗೆ ನಿದ್ದೆ ಇಲ್ಲ. ಕೊನೆಗೆ ರಾಜ್ಯದ ದೊಡ್ಡ ಕಾಲೇಜಿನಲ್ಲಿ ಹಳೆಯ ಕಾಗದಪತ್ರ ಕಾಪಾಡುವ ವಿಭಾಗಕ್ಕೆ ಬರೆದಳು: ಎಲ್ಲವನ್ನೂ ಬಿಟ್ಟಿ ಕೊಡುತ್ತೇನೆ, ನನ್ನ ಹೆಸರಿನಲ್ಲಿ ಒಂದೇ ಕಡೆ ಇಡಿ. ಬಿಲ್ಲೆಗಳು ನಮ್ಮಲ್ಲಿ ಬೇಕಾದಷ್ಟಿವೆ, ಕಾಗದಗಳು ಅಸಲಿಯಾಗಿ ಒಳ್ಳೆಯ ಸ್ಥಿತಿಯಲ್ಲಿದ್ದರೆ ಬಂದು ನೋಡುತ್ತೇವೆ ಎಂದು ಉತ್ತರ ಬಂತು.

ನಾನು ಅವಳ ಫರ್ನೇಸಿನ ಮುಂದೆ ಬೋರಲು ಬಿದ್ದಿದ್ದಾಗ ಮೆಟ್ಟಿಲ ಮೇಲಿನಿಂದ ದನಿ ಬಂತು.

"ಡ್ವೇನ್, ಮಗಾ, ನಿಮ್ಮಪ್ಪನ ಕಾಗದ ಒಂದಿನಕ್ಕೆ ಕೊಡೋ."

"ಯಾತಕ್ಕೆ?"

"ಕಾಲೇಜಿನೋನು ಬರ್ತಾನೆ. ತೋರ್ಸೋಕೆ."

"ನಿಮ್ ಹತ್ರಾನೇ ಡಬ್ಬಿಗಟ್ಟಲೆ ಇದ್ಯಲ್ಲ."

"ಅದ್ರಲ್ಲಿ ಚೆನ್ನಾಗಿರೋವು ಸುಳ್ಳು, ನಿಜವಾಗಿರೋವು ಹಾಳು. ಹಾಳ್ಮಾಡಿದ್ದು ಯಾರು ಅಂತ ಕೇಳ್ಬೇಡ."

"ನೀವೇ."

"ಕೇಳ್ಬೇಡ ಅಂದೆ." ಕಷ್ಟಪಟ್ಟು ಒಂದು ಮೆಟ್ಟಿಲು ಇಳಿದಳು. "ಒಂದಾದ್ರೂ ನೆಟ್ಟಗಿರೋದು ಕಣ್ಣಿಗೆ ಬಿದ್ರೆ, ಉಳಿದಿದ್ದನ್ನ ಮರ್ಯಾದೆಯಿಂದ ನೋಡ್ತಾನೆ ಕಣೋ. ಇಲ್ದಿದ್ರೆ ಎಲ್ಲಾ ಕಸದ ಲಾರಿಗೆ."

ಅವಳು ಬೇಡಿಕೊಂಡದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಬಸ್ಸಿನಲ್ಲಿ ಅವಳ ಮಾತು "ಕೂತ್ಕೋ, ಬಾಯ್ಮುಚ್ಚು" ಇಷ್ಟೇ. ಮೈಗೆ ಮಸಿ ಮೆತ್ತಿಕೊಂಡು ಎದ್ದು ನಿಂತೆ.

"ನಾನೂ ಬಂದು ಪಕ್ಕದಲ್ಲಿ ಕೂತಿರ್ತೀನಿ. ನಿಮ್ಮ ಹೆಬ್ಬೆರಳು ಮೇಜಿನ ಕೆಳಗೆ ಇರ್ಬೇಕು."

"ಹೂಂ."

"ಆಣೆ ಇಡಿ."

"ನಮ್ ಚರ್ಚಲ್ಲಿ ಆಣೆ ಇಡಲ್ಲ ಕಣೋ. ಹೂಂ ಅಂದ್ಮೇಲೆ ಹೂಂ."

ಅಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಕಾಲೇಜಿನಿಂದ ಬಂದವನ ಹೆಸರು ಗ್ರೇಡಿ ಲಿಂಡ್‌ಕ್ವಿಸ್ಟ್. ತೆಳ್ಳಗೆ, ಮೆಲುಮಾತಿನವನು. ವೆಲ್ಡಾಳ ಅಡುಗೆಮನೆಗೆ ಬಂದವನೇ ಕೈ ತೊಳೆದು, ಒರೆಸಿ, ಒಣಗಿತೋ ಇಲ್ಲವೋ ಎಂದು ನೋಡಿಕೊಂಡು, ನನ್ನ ಅನುಮತಿ ಕೇಳಿ ಚೌಕಟ್ಟು ಬಿಚ್ಚಿದ. ಭೂತಗನ್ನಡಿ ಹಿಡಿದು ಅಪ್ಪನ ಕಾಗದದ ಮೇಲೆ ಬಗ್ಗಿದ. ಬಗ್ಗಿದವನು ಏಳಲಿಲ್ಲ. ವೆಲ್ಡಾ ನನ್ನ ಮುಂದೆ ರೂಬಾರ್ಬ್ ಎಂಬ ಹುಳಿ ದಂಟಿನ ಪೈ ಇಟ್ಟಿದ್ದಳು, ಬಿಸಿಬಿಸಿ. ಅವನು ಕೊನೆಗೆ ತಲೆಯೆತ್ತಿ "ಹ್ಮ್" ಎಂದ. "ಒಂದ್ನಿಮಿಷ, ಕಾರಿನಿಂದ ಒಂದು ವಸ್ತು ತರ್ತೀನಿ" ಎಂದು ಹೊರಗೆ ಹೋದ.

"‘ಹ್ಮ್’ ಅಂದ್ರೆ ಏನೋ?" ಎಂದಳು ವೆಲ್ಡಾ.

"ನಂಗೇನ್ ಗೊತ್ತು?"

"ನಂಬ್ಲಿಲ್ಲ ಅವ್ನು. ಮೂತಿ ನೋಡಿದ್ಯಾ? ತುಟಿ ಕಚ್ಕೊಂಡ. ಕಾರಿಂದ ಏನೂ ತರಲ್ಲ, ಹಂಗೇ ಹೋಗ್ತಾನೆ ನೋಡು."

ನಾನು ಪೈನ ದೊಡ್ಡ ತುಂಡು ಬಾಯಿಗೆ ಹಾಕಿಕೊಂಡಿದ್ದೆ. ಒಳಗೆ ಕೆಂಡದಂತೆ ಸುಡುತ್ತಿತ್ತು. ಮೇಜಿನ ಕೆಳಗಿನಿಂದ ಅವಳ ಕೈ ಮೇಲೆ ಬರುವುದು ಕಂಡಿತು. ಹೆಬ್ಬೆರಳು ಬಾಯಿಗೆ ಹೋಗುವುದು ಕಂಡಿತು. ಕೂಗಬೇಕು, ಬಾಯಿಯಲ್ಲಿ ಪೈ. ಉಗುಳಬೇಕು, ಮುಂದೆ ಅಪ್ಪನ ಕಾಗದ. ಅಷ್ಟರಲ್ಲಿ ಅವಳು ಎಳೆದಾಗಿತ್ತು. ಹಾಲಿಸ್ ಪ್ರಾಟ್ ಎಂಬ ಹೆಸರು ಎಡದಿಂದ ಬಲಕ್ಕೆ ಮೋಡದಂತೆ ಹರಡಿಹೋಯಿತು.

"ನಿಜದ್ದು!" ಎಂದು ಕಿರುಚಿದಳು. "ನೋಡು ಡ್ವೇನ್, ನಿಮ್ಮಪ್ಪನ್ದು ನಿಜದ್ದು!"

ಲಿಂಡ್‌ಕ್ವಿಸ್ಟ್ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಬಿಳಿಯ ದಪ್ಪ ರಟ್ಟಿನ ಫೈಲು. ಕಾಗದ ನೋಡಿದ, ಹೆಬ್ಬೆರಳು ನೋಡಿದ, ಮೆಲ್ಲಗೆ ಕುರ್ಚಿಯ ಮೇಲೆ ಕುಳಿತ.

"ಮಿಸೆಸ್ ಹೌಸ್‌ಮನ್," ಎಂದ, "ಆ ಚೌಕಟ್ಟಿನ ಹಿಂದಿರೋ ಅಗ್ಗದ ರಟ್ಟು ಕಾಗದಾನ ತಿಂತಾ ಇತ್ತು. ಅದಕ್ಕೆ ಇದನ್ನ ತರೋಕೆ ಹೋಗಿದ್ದೆ. ಕಾಗದ ಹಾಳಾಗ್ದೇ ಇರ್ಲಿ ಅಂತ."

"ಹಂಗಾದ್ರೆ ಹ್ಮ್ ಅಂದಿದ್ದು ಯಾಕೆ?"

"ಸೋಫಾದ ಮಾತು ಓದಿ ನಗು ಬಂತು. ತಡ್ಕೊಂಡೆ."

ಪ್ರಾಟ್‌ನ ಕೈಬರಹ ಅವರಲ್ಲಿ ಪೆಟ್ಟಿಗೆಗಟ್ಟಲೆ ಇದೆಯಂತೆ. ಮೊದಲ ಸಾಲು ನೋಡುತ್ತಲೇ ಅಸಲಿ ಎಂದು ತಿಳಿಯಿತಂತೆ. ಇನ್ನೊಂದು ಮಾತನ್ನೂ ಹೇಳಿದ, ಅದನ್ನು ಹೇಳದೇ ಇದ್ದರೆ ಚೆನ್ನಾಗಿತ್ತು. "ಸಹಿ ಹಾಕೋ ಯಂತ್ರಗಳಿವೆ. ಅವೂ ಪೆನ್ನು ಹಿಡಿದೇ ಹಾಕ್ತವೆ. ಆ ಶಾಯಿನೂ ಉಜ್ಜಿದ್ರೆ ಹರಡುತ್ತೆ. ಹೆಬ್ಬೆರಳಿಂದ ಏನೂ ಗೊತ್ತಾಗಲ್ಲ, ಮೇಡಂ."

ಊರಿನ ಅಷ್ಟು ವರ್ಷಗಳ ಪೈ ನನ್ನ ಕಣ್ಣ ಮುಂದೆ ಹಾದುಹೋಯಿತು.

"ಇದನ್ನ ಆರ್ಡಿತ್‌ಗೆ ಹೇಳ್ಬೇಡಿ," ಎಂದಳು ವೆಲ್ಡಾ.

ಅಷ್ಟರಲ್ಲಿ ನನ್ನ ಬಾಯಿ ಖಾಲಿಯಾಗಿತ್ತು. ನಾನು ಕೂಗಿದ್ದನ್ನು ಇಲ್ಲಿ ಬರೆಯುವಂತಿಲ್ಲ. ವೆಲ್ಡಾಳ ಬೆಕ್ಕು ಸೋಫಾದ ಕೆಳಗೆ ಹೋದದ್ದು ಸಂಜೆಯವರೆಗೆ ಬರಲಿಲ್ಲವಂತೆ. ಕಾಗದ ಎತ್ತಿಕೊಂಡು ಹೊರಟಾಗ ವೆಲ್ಡಾ ಬಾಗಿಲವರೆಗೆ ಕುಂಟುತ್ತಾ ಬಂದಳು.

"ನಿಂಗೊಂದು ಸಹಿ ಬಾಕಿ ಇದೀನಿ ಕಣೋ. ತೀರಿಸ್ತೀನಿ."

ನಾನು ಹೋದ ಮೇಲೆ ಲಿಂಡ್‌ಕ್ವಿಸ್ಟ್ ಹೊರಡುವ ಮುಂಚೆ ಉಪಚಾರಕ್ಕೆಂದು ಒಂದು ಶೂ ಡಬ್ಬಿ ತೆರೆದನಂತೆ. ಉಜ್ಜಿ ಹಾಳಾದ ಒಂದು ಕಾಗದ ತೆಗೆದು ಇದು ಯಾರ ಕೆಲಸ ಎಂದು ಕೇಳಿದ. ವೆಲ್ಡಾ ಹೇಳಲು ಶುರುಮಾಡಿದಳು: ಇದು ಪೋಸ್ಟ್‌ಮಾಸ್ಟರನದು, ಎಡಗೈಯವನು, ಅದಕ್ಕೇ ಮಸಿ ಆ ಕಡೆ ಹೋಗಿದೆ, ಇದು ಆರ್ಡಿತ್‌ಳದು, ಜಾಮ್ ಮೆತ್ತಿದೆ ನೋಡಿ, ಇದರ ಮೇಲೆ ಇಬ್ಬರು ಜಗಳವಾಡಿ ಇಬ್ಬರೂ ಉಜ್ಜಿದರು. ಅವನು ಪೆನ್ಸಿಲ್ ತೆಗೆದು ಬರೆದುಕೊಳ್ಳತೊಡಗಿದ. ಮರುದಿನವೂ ಬಂದ. ಆದರೆ ಮಾತು ಮಾತ್ರ ಕೊಡಲಿಲ್ಲ, ಮೇಲಿನವರನ್ನು ಕೇಳಬೇಕು ಎಂದುಬಿಟ್ಟ.

ಕಾಯುವ ಆ ದಿನಗಳಲ್ಲಿ ವೆಲ್ಡಾ ನನ್ನ ಬಾಕಿಯನ್ನು ತೀರಿಸಲು ನೋಡಿದಳು. ಪ್ರಾಟ್ ಮುದುಕನಾಗಿ ತನ್ನೂರಿನಲ್ಲಿ ಇನ್ನೂ ಬದುಕಿದ್ದ. ಅವನಿಗೆ ನಡೆದದ್ದೆಲ್ಲ ಬರೆದು ಇನ್ನೊಂದು ಸಹಿ ಬೇಡಿದಳು. ಉತ್ತರ ಬಂದ ದಿನ ನನ್ನನ್ನು ಹೋಟೆಲಿಗೆ ಕರೆಸಿ ಎಲ್ಲರೆದುರು ಲಕೋಟೆ ಒಡೆದಳು. "ಮಾನ್ಯರೇ, ನಿಮ್ಮ ಬೆಂಬಲಕ್ಕೆ ಧನ್ಯವಾದಗಳು" ಎಂದಿತ್ತು. ಅವಳು ಹೆಬ್ಬೆರಳು ನೆಕ್ಕಿ ಎಳೆದಳು. ಏನೂ ಆಗಲಿಲ್ಲ. ಮತ್ತೆ ನೆಕ್ಕಿ ಎಳೆದಳು. ಕಾಗದ ಹರಿಯಿತೇ ಹೊರತು ಅಕ್ಷರ ಕದಲಲಿಲ್ಲ.

"ಅಚ್ಚು," ಎಂದಳು ಆರ್ಡಿತ್, ಪೈ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾ.

ಕಾಲೇಜಿನ ತೀರ್ಮಾನ ಬಂದದ್ದು ಹಿಮ ಕರಗುವ ಹೊತ್ತಿಗೆ. ಎಲ್ಲವನ್ನೂ ತೆಗೆದುಕೊಳ್ಳುತ್ತಾರೆ: ಹಾಳಾದ ಕಾಗದ, ಅಚ್ಚಿನ ಕಾಗದ, ಜಾಡಿಯಲ್ಲಿರುವ ಬಿಲ್ಲೆ, ಮೇಲೆ ಅವಳ ಹೆಸರು. ಒಂದು ಊರು ತನಗೆ ಬಂದ ಕಾಗದಗಳನ್ನು ಹೇಗೆ ನಂಬಿತು, ಹೇಗೆ ನಂಬಲಿಲ್ಲ ಎಂಬುದು ಬೇರೆಲ್ಲೂ ಸಿಕ್ಕಿಲ್ಲ ಎಂದು ಬರೆದಿದ್ದರು. ವೆಲ್ಡಾ ಆ ಕಾಗದವನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಮನೆಮನೆಗೆ ತೋರಿಸಿದಳು. ನಮ್ಮ ಮನೆಗೂ ಬಂದಳು.

"ಕೆಳಗಿನ ಸಹಿ ನಿಜದ್ದೋ ಅಚ್ಚೋ?" ಎಂದೆ, ಬೇಕೆಂದೇ.

ಅವಳ ಹೆಬ್ಬೆರಳು ತುಟಿಯವರೆಗೆ ಬಂತು. ಅಲ್ಲೇ ನಿಂತಿತು. ಆಮೇಲೆ ಜೇಬಿಗೆ ಹೋಯಿತು.

"ಬೇಡ ಬಿಡು," ಎಂದಳು.

ಇಷ್ಟಾದರೂ ನಮ್ಮಿಬ್ಬರ ಜಗಳ ಮುಗಿಯಲಿಲ್ಲ, ಯಾಕೆಂದರೆ ಅವಳು ಹೊಸ ವಾದ ಹೂಡಿದಳು. ಪ್ರಾಟ್‌ನ ಸಹಿ ಹರಡಿದ ಸುದ್ದಿ ಅದೇ ಸಂಜೆ ಊರೆಲ್ಲ ಹಬ್ಬಿತ್ತು. ಮಿಲೋನ ಕಾಗದ ನಿಜದ್ದಂತೆ, ವೆಲ್ಡಾ ಉಜ್ಜಿ ನೋಡಿದಳಂತೆ! ಅಂದಿನಿಂದ ಅಪ್ಪನ ಬಗ್ಗೆ ಯಾರೂ ಒಂದು ಮಾತು ಆಡಿಲ್ಲ. ಕಾಲೇಜಿನವನು ಭೂತಗನ್ನಡಿಯಲ್ಲಿ ನೋಡಿ ಹೇಳಿದ್ದನ್ನು ನಾನು ಎಷ್ಟು ಸಲ ಹೇಳಿದರೂ ಜನ ತಲೆಯಾಡಿಸಿ, "ಅದಿರ್ಲಿ, ಹೆಬ್ಬೆರಳಿಗೆ ಶಾಯಿ ಬಂತಲ್ಲ" ಎನ್ನುತ್ತಾರೆ. ಆದ್ದರಿಂದ ನಾನೇ ಅವಳಿಗೆ ಒಂದು ಥ್ಯಾಂಕ್ಸ್ ಬಾಕಿ ಇದ್ದೇನೆ ಎಂದು ಅವಳ ವಾದ.

ಹೋದ ಫೆಬ್ರವರಿಯಲ್ಲಿ ಅವಳ ಫರ್ನೇಸು ಮತ್ತೆ ಕೆಟ್ಟಿತು. ಖಾಲಿ ನೆಲಮಾಳಿಗೆಯಲ್ಲಿ ಸ್ಕ್ರೂಡ್ರೈವರ್ ಬಿದ್ದ ಸದ್ದೂ ಗಂಟೆಯಂತೆ ಮೊಳಗುತ್ತಿತ್ತು. ಅವಳು ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಕೂತಿದ್ದಳು.

"ಮುಗಿಸ್ಬಿಡೋಣ ಕಣೋ. ನೀನು ಥ್ಯಾಂಕ್ಸ್ ಅನ್ನು, ನಾನು ಸಾರಿ ಅಂತೀನಿ."

"ಮೊದ್ಲು ನೀವನ್ನಿ."

"ಮೊದ್ಲು ನೀನು. ನಾನು ದೊಡ್ಡೋಳು."

"ಉಜ್ಜಿದ್ದು ಮೊದ್ಲು. ಸಾರಿನೂ ಮೊದ್ಲೇ ಬರ್ಬೇಕು."

"ಕೂತ್ಕೋ, ಬಾಯ್ಮುಚ್ಚು," ಎಂದಳು. ಫರ್ನೇಸು ಹೊತ್ತಿಕೊಂಡಿತು. ಮಾರ್ಚ್ ಬರುವ ಮೊದಲೇ ಅವಳು ಹೋದಳು.

ಅಪ್ಪನ ಕಾಗದ ಈಗ ಒಳ್ಳೆಯ ರಟ್ಟಿನೊಡನೆ ನಮ್ಮ ಗೋಡೆಯ ಮೇಲಿದೆ. ಸಹಿ ಇದ್ದ ಕಡೆ ಕಂದು ಬಣ್ಣದ ಮೋಡ. ಬೆಳಕಿಗೆ ಹಿಡಿದರೆ ಅದರೊಳಗೆ ಅವಳ ಬೆರಳಿನ ಗೆರೆಗಳು ಸುರುಳಿ ಸುರುಳಿಯಾಗಿ ಕಾಣುತ್ತವೆ. ಲಿಂಡ್‌ಕ್ವಿಸ್ಟ್ ಬೇಸಿಗೆಯಲ್ಲಿ ಫೋನು ಮಾಡಿದ್ದ. ವೆಲ್ಡಾಳ ಸಂಗ್ರಹದಲ್ಲಿ ಒಂದು ಜಾಗ ಖಾಲಿ ಬಿಟ್ಟಿದ್ದೇನೆ, ಆ ಕಾಗದ ಅಲ್ಲಿ ಸೇರಬೇಕಾದ್ದು, ಕೊಡುತ್ತೀರಾ ಎಂದು ಬಹಳ ಮರ್ಯಾದೆಯಿಂದ ಕೇಳಿದ.

"ಕೊಡ್ತೀನಿ ಸ್ವಾಮಿ," ಎಂದೆ. "ಆಯಮ್ಮ ನನ್ನ ಸಹಿ ಬಾಕಿ ತೀರಿಸ್ಲಿ, ಮರುದಿನಾನೇ ಕೊಡ್ತೀನಿ."