ಪುಟ ನೂರ ಎಂಬತ್ತೆರಡು

ನಮ್ಮಕ್ಕ ಎಂಟು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿದವಳು. ಅಲ್ಲಿ ಸೂಪರ್‌ವೈಸರಿಗೂ ಎದುರುತ್ತರ ಕೊಡುತ್ತಿದ್ದಳು. ಮೂವತ್ತಾರಕ್ಕೆ ವಿಶ್ವವಿದ್ಯಾಲಯ ಸೇರಿದ್ದೇ ತಡ, ಬಾಯಿಗೆ ಬೀಗ ಬಿತ್ತು. ಹೊಲಿಗೆ ಹೆಂಗಸರ ಕೈಗಾಯಗಳ ಬಗ್ಗೆ ಪ್ರಬಂಧ ಬರೆಯಬೇಕಿತ್ತು. ಮೊದಲ ಕರಡಿನಲ್ಲಿ, ಎಲ್ಲಿಂದ ಎಂದೂ ಹೇಳದೆ, ಪುಸ್ತಕಗಳಿಂದ ಪುಟಗಟ್ಟಲೆ ಎತ್ತಿ ಇಟ್ಟಿದ್ದಳು. ಮಾರ್ಗದರ್ಶಕಿ ಮೇಡಂ ಅದನ್ನು ಹಿಂದಿರುಗಿಸಿ, ಶುಕ್ರವಾರದೊಳಗೆ ಸರಿಮಾಡದಿದ್ದರೆ ನೋಂದಣಿ ರದ್ದು ಎಂದರು.

ಅಕ್ಕ ಹೆದರಿ ಇನ್ನೊಂದು ತುದಿಗೆ ಹೋದಳು. ಪ್ರತಿ ಸಾಲಿಗೂ ‘ವಿದ್ವಾಂಸರ ಪ್ರಕಾರ’ ಎಂದು ಅಂಟಿಸಿದಳು, ಪುಟಸಂಖ್ಯೆ ಸಮೇತ. ವಿದ್ವಾಂಸರ ಪ್ರಕಾರ ಚಹಾ ಕುದೀತಾ ಎಂದು ನಾನು ಕಿಚಾಯಿಸಿದರೂ ನಗಲಿಲ್ಲ. ನನಗಂತೂ ಆ ಪುಸ್ತಕಗಳ ಮೇಲೆಯೇ ಸಿಟ್ಟು ಬರುತ್ತಿತ್ತು.

ಶುಕ್ರವಾರ ಜೊತೆಗೆ ನಾನೂ ಹೋದೆ. ಒಬ್ಬಳೇ ಹೋಗಿದ್ದರೆ ಬಾಗಿಲಿಂದಲೇ ವಾಪಸಾಗುತ್ತಿದ್ದಳು. ಮೇಡಂ ಅವರದು ಕಿರಿದಾದ ಕೋಣೆ, ಕುರ್ಚಿಗಳ ಮೇಲೂ ಪ್ರಬಂಧಗಳ ಕಟ್ಟು. ಮೇಜಿನ ಮೇಲೆ ನೋಂದಣಿ ಪುಸ್ತಕ ತೆರೆದಿತ್ತು. ಮೇಡಂ ಅಕ್ಕನ ಕರಡಿನ ಹಾಳೆ ತಿರುವುತ್ತಾ ಹೋಗಿ ಒಂದು ಕಡೆ ನಿಲ್ಲಿಸಿ ಗಟ್ಟಿಯಾಗಿ ಓದಿದರು: ವಿದ್ವಾಂಸರ ಪ್ರಕಾರ, ಸೂಜಿ ಬೆರಳಿಗೆ ಚುಚ್ಚುವುದು ಕಾರ್ಮಿಕರ ಅಜಾಗರೂಕತೆಯಿಂದ, ಪುಟ ೧೮೨.

ಆಮೇಲೆ ಅಕ್ಕನ ತೋರುಬೆರಳು ನೋಡಿದರು. ಆ ಉಗುರು ಎರಡು ಸೀಳಾಗಿಯೇ ಬೆಳೆಯುತ್ತದೆ.

“ಇದು ಹೇಗಾಯ್ತು?”

ಅಕ್ಕ ಗಾಬರಿಬಿದ್ದು ಚೀಲದಿಂದ ಪುಸ್ತಕ ತೆಗೆದು ಪುಟ ಹುಡುಕತೊಡಗಿದಳು. ತನ್ನ ಬೆರಳಿಗೆ ಏನಾಯಿತೆಂದು ಪುಸ್ತಕದಲ್ಲಿ ಹುಡುಕುತ್ತಿದ್ದಾಳಲ್ಲ! ಮೇಡಂ ಪುಸ್ತಕದ ಮೇಲೆ ಕೈ ಇಟ್ಟರು. ಅಕ್ಕನ ಕುತ್ತಿಗೆ ಬೆವೆತಿತ್ತು.

“ಸೂಜಿ ಮುಂದೆ ಬೆರಳು ಹೋಗದ ಹಾಗೆ ಒಂದು ತಡೆ ಇರುತ್ತೆ ಮೇಡಂ,” ಎಂದಳು ಕೊನೆಗೆ. “ಅದಿದ್ರೆ ಗಂಟೆಗೆ ಅರವತ್ತು ಕಾಲರ್ ಆಗಲ್ಲ ಅಂತ ಕಾರ್ಖಾನೆಯವರೇ ಬಿಚ್ಚಿಸಿದ್ರು. ನಮ್ಮ ಸಾಲಲ್ಲಿ ಹನ್ನೊಂದು ಜನಕ್ಕೆ ಚುಚ್ಚಿದೆ.”

“ಯಾರ ಪ್ರಕಾರ?”

ಅಕ್ಕ ನನ್ನ ಕಡೆ ನೋಡಿದಳು. ಹೇಳಿಕೊಡಲು ನನಗಾದರೂ ಏನು ಗೊತ್ತು?

“ನನ್ನ ಪ್ರಕಾರ.”

ಮೇಡಂ ಪೆನ್ನು ಮುಂದಕ್ಕೆ ತಳ್ಳಿ, ಹಾಗಾದರೆ ಅದನ್ನೇ ಬರೆಯಿರಿ, ಆ ಹನ್ನೊಂದು ಜನರ ಮಾತನ್ನೂ ಕೇಳಿ ಬರೆಯಿರಿ ಎಂದರು. ಅಕ್ಕ ಕರಡಿನಲ್ಲಿದ್ದ ಆ ಪುಸ್ತಕದ ಸಾಲನ್ನು ಹೊಡೆದುಹಾಕುತ್ತಾಳೆ ಅಂದುಕೊಂಡೆ. ಇಲ್ಲ, ಅದನ್ನು ಹಾಗೇ ಬಿಟ್ಟು, ಸೀಳು ಉಗುರಿನ ಬೆರಳಲ್ಲೇ ಪೆನ್ನು ಒತ್ತಿ ಹಿಡಿದು ಕೆಳಗೆ ಬರೆದಳು: ‘ಪುಟ ೧೮೨ರ ಈ ಮಾತು ತಪ್ಪು. ನಾನು ಅಲ್ಲಿದ್ದೆ.’

ಮೇಡಂ ಎರಡು ಸಲ ಓದಿದರು. ಆಮೇಲೆ ನೋಂದಣಿ ಪುಸ್ತಕ ಎಳೆದುಕೊಂಡು ಸಹಿ ಹಾಕಿದರು.