ಮೊದಲ ಸಲ ದೀಪ ಹತ್ತುವ ಮುನ್ನ

ಬೇಯಾ ಫೆಂದ್ರಿ ಬೆಳಿಗ್ಗೆ ಕೆಲಸಕ್ಕೆ ಬಂದರೆ ಹೆಗಲ ಚೀಲವನ್ನೂ ಇಳಿಸುವುದಿಲ್ಲ. ಹಿಂದಿನ ಸಂಜೆ ಓಡಲು ಬಿಟ್ಟುಹೋದ ಕಂಪ್ಯೂಟರು ಏನೇನು ಮಾಡಿತು ಎಂಬ ವರದಿಯನ್ನು ನಿಂತುಕೊಂಡೇ ಓದುತ್ತಾಳೆ, ಅದೂ ಕೊನೆಯ ಸಾಲಿನಿಂದ ಮೇಲಕ್ಕೆ. ಎಲ್ಲವೂ ಸರಿ ಎಂದು ಬರೆದಿದ್ದರೂ ಓದುತ್ತಾಳೆ. ಆಮೇಲೆಯೇ ಬಸೀಸಾ ಹಿಟ್ಟಿಗೆ ಎಣ್ಣೆ ಕಲಸಿ ನಮಗೂ ಒಂದೊಂದು ತುತ್ತು ಕೊಡುವುದು.

ಸ್ಫಾಕ್ಸ್ ಪಟ್ಟಣದ ಈ ಕಾರ್ಖಾನೆಯಲ್ಲಿ ನಾವು ಆರು ಹೆಂಗಸರು. ಆಲಿವ್ ಗಾಣಗಳಿಗೆ ಪುಟ್ಟ ಕಂಪ್ಯೂಟರಿರುವ ಪೆಟ್ಟಿಗೆ ಮಾಡುತ್ತೇವೆ. ಅರೆದ ಕಾಯಿ ಹೆಚ್ಚು ಬಿಸಿಯಾಗಿ ಎಣ್ಣೆಯ ಪರಿಮಳ ಹೋಗದಂತೆ ಅದು ಕಾಯುತ್ತದೆ. ನಾನು ತಂತಿ ಬೆಸೆಯುವವಳು. ಪೆಟ್ಟಿಗೆಯೊಳಗೆ ಓಡುವ ಸಾಫ್ಟ್‌ವೇರನ್ನೆಲ್ಲ ಸೇರಿಸಿ ಒಂದು ಅಚ್ಚಾಗಿ ಕಟ್ಟುವವಳು ಬೇಯಾ. ಪ್ರತಿ ಪೆಟ್ಟಿಗೆಗೂ ಆ ಅಚ್ಚಿನ ನಕಲೇ ಹೋಗುತ್ತದೆ.

ಹೋದ ವರ್ಷ ಎಪ್ಪತ್ತರಲ್ಲಿ ಹತ್ತೊಂಬತ್ತು ಪೆಟ್ಟಿಗೆಗಳು ಒಂದು ಕಾಯಿಯನ್ನೂ ಕಾಣದೆ ಸತ್ತವು. ನಮ್ಮ ಗಾಣಗಳಲ್ಲಿ ಹೊಸ ಯಂತ್ರ ಬಂದ ದಿನ ಮನೆಯ ಹಿರಿಯರು ಬಿಸ್ಮಿಲ್ಲಾ ಎಂದು ಸ್ವಿಚ್ ಒತ್ತುತ್ತಾರೆ. ದೀಪ ಹತ್ತಿತೆಂದರೆ ಹೆಂಗಸರ ಉಲುಲು ಹರ್ಷದ ಕೂಗು ಏಳುತ್ತದೆ, ಮರುಗಳಿಗೆಯಲ್ಲೇ ಸ್ವಿಚ್ ಆರಿಸಿ, ಬಟ್ಟೆ ಹೊದಿಸಿ, ಕೊಯ್ಲಿನವರೆಗೆ ಹಾಗೇ ಬಿಡುತ್ತಾರೆ. ಇದು ಎಲ್ಲರಿಗೂ ಗೊತ್ತು, ಬೇಯಾಳಿಗೂ ಗೊತ್ತು. ಆದರೆ ಅವಳ ಪೆಟ್ಟಿಗೆ ಮೊದಲ ಸಲ ಎದ್ದಾಗ ಮೂರು ನಿಮಿಷ ತನ್ನೊಳಗೆ ಉಳಿದ ಸಿದ್ಧತೆ ಮುಗಿಸಿಕೊಳ್ಳುತ್ತಿತ್ತು. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಅರ್ಧ ಬರೆದದ್ದು ಕೆಡುತ್ತದೆ. ಕೆಟ್ಟದ್ದು ಮತ್ತೆ ಏಳುವುದಿಲ್ಲ. ಆ ಅಚ್ಚು ಕಟ್ಟಿದ ದಿನದ ವರದಿಯಲ್ಲಿ ಒಂದು ಸಾಲಿತ್ತು: ‘ಈ ಕೆಲಸವನ್ನು ಮೊದಲ ಚಾಲನೆಗೆ ಮುಂದೂಡಿದೆ.’ ತಪ್ಪೆಂದು ಕೆಂಪಿನಲ್ಲಿ ತೋರಿಸಿರಲಿಲ್ಲ, ಹಾಗಾಗಿ ಆಗ ಅವಳು ಅದನ್ನು ಓದಿರಲಿಲ್ಲ.

ಗಾಣದವರ ಪರವಾಗಿ ಮಾತಾಡುವ ಹಾಜ್ ಮಹ್ಫೂದ್ ಆಗಲೇ ಹೇಳಿದ್ದರು, “ಇನ್ನೊಂದ್ಸಲ ಹಿಂಗಾದ್ರೆ ನಾವು ಹಳೇ ಸ್ವಿಚ್ಚಿಗೇ ವಾಪಸ್ ಹೋಗ್ತೀವಿ.” ಹಾಗಾದರೆ ನಮ್ಮ ಕಾರ್ಖಾನೆಗೆ ಬಾಗಿಲೇ ಗತಿ.

ಈ ವರ್ಷ ಬೇಯಾ ಅಚ್ಚಿಗೆ ಬೀಗ ಹಾಕಿದಳು. ಪೆಟ್ಟಿಗೆ ತನ್ನ ಅಚ್ಚನ್ನು ಓದಬಹುದು, ಅದರ ಮೇಲೆ ಒಂದಕ್ಷರವನ್ನೂ ಬರೆಯಲಾರದು. ಬರೆಯುವುದೇ ಇಲ್ಲವಾದರೆ ಕೆಡುವುದೇನು? ಆದರೆ ಅಕ್ಟೋಬರಿನ ಒಂದು ಸೋಮವಾರ ವರದಿಯ ಕೊನೆಯ ಸಾಲು ಕೆಂಪಾಗಿತ್ತು. ಅಚ್ಚಿಗೆ ಸೇರುವ ಒಂದು ಸಾಫ್ಟ್‌ವೇರ್ ಪ್ಯಾಕೇಜಿನಲ್ಲಿ ಕೊನೆಯ ಸಿದ್ಧತೆ ಮಾಡುವ ಸ್ಕ್ರಿಪ್ಟು, ತಾನು ಪೆಟ್ಟಿಗೆಯಲ್ಲೇ ಓಡಬೇಕೆಂದು ಹಟ ಹಿಡಿದಿತ್ತು. ಬೀಗ ಬಿದ್ದ ಪೆಟ್ಟಿಗೆಯಲ್ಲಿ ಅದಕ್ಕೆ ಬರೆಯಲು ಜಾಗವಿರಲಿಲ್ಲ. ಅಚ್ಚು ಕಟ್ಟುವ ಕೆಲಸವೇ ನಿಂತಿತ್ತು.

ನಾವೆಲ್ಲ ಗೌರವಕ್ಕೆ ‘ಸೀ’ ಸೇರಿಸಿ ಕರೆಯುವ ಯಜಮಾನ ಲಸ್ಸಾದ್ ಓಡಿ ಬಂದ. “ಹೋದ ವರ್ಷ ಇದೇ ಸಾಮಾನು ತಕರಾರಿಲ್ದೆ ಆಗಿತ್ತಲ್ಲ, ಬೇಯಾ?”

“ಆಗಿತ್ತು ಸೀ ಲಸ್ಸಾದ್. ಹತ್ತೊಂಬತ್ತು ಹೆಣಾನೂ ಬಿದ್ದಿತ್ತು.”

“ನಿನ್ನ ನಾಲಿಗೆಗೆ ಬೆಳಬೆಳಿಗ್ಗೇನೇ ಖಾರ ಹಚ್ಚಿದ್ಯಾರು? ಕೇಳಿಲ್ಲಿ. ಮೊದಲನೇ ಸಲ ಮಾತ್ರ ಬೀಗ ತೆಗೆದಿಡು. ಕೆಲಸ ಮುಗಿಸಿ ಅದೇ ಹಾಕ್ಕೊಳ್ಲಿ. ಗುರುವಾರ ಲಾರಿ ಬರುತ್ತೆ.”

“ಆಲಿವ್ ಜಾಡಿ ಬಾಯಿಗೆ ಮೇಣ ಹಚ್ಚಿದ್ಮೇಲೆ ಉಪ್ಪು ಹಾಕ್ತೀನಿ ಅಂದ್ರೆ ನಿಮ್ಮಮ್ಮ ಏನಂತಾರೆ?”

“ಅನ್ನೋದೆಲ್ಲಿ ಬಂತು, ಸೌಟಲ್ಲೇ ಹೊಡೀತಾಳೆ.”

“ಅದಕ್ಕೇ ಉಪ್ಪು ಈಗ್ಲೇ ಬೀಳ್ಲಿ. ಲಾರಿ ಗುರುವಾರವೇ ತುಂಬುತ್ತೆ, ನೀವು ಚಹಾ ಕುಡೀರಿ.”

ಅವನು ಹೋದ ಮೇಲೆ ಬೇಯಾ ಆ ಸ್ಕ್ರಿಪ್ಟನ್ನು ಗಟ್ಟಿಯಾಗಿ ಓದತೊಡಗಿದಳು. ಯಾರಾದರೂ ಕೇಳಿಸಿಕೊಳ್ಳುತ್ತಿದ್ದರೆ ಅವಳಿಗೆ ದಾರಿ ಬೇಗ ಕಾಣುತ್ತದೆ. ನಾನು ಬೆಸುಗೆ ಕಡ್ಡಿ ಕೆಳಗಿಟ್ಟು ಕೇಳುತ್ತ ಕೂತೆ. ಆ ಸ್ಕ್ರಿಪ್ಟು ಮಾಡುತ್ತಿದ್ದುದು ಎರಡೇ ಕೆಲಸ. ಪರದೆಗೆ ಬೇಕಾದ ಅರಬ್ಬಿ ಅಕ್ಷರಗಳನ್ನು ಜೋಡಿಸಿಡುವುದು ಒಂದು, ಹೊರಗಿನವರು ಒಳನುಗ್ಗದಂತೆ ಪೆಟ್ಟಿಗೆಗೆ ಅದರದೇ ಗುಟ್ಟಿನ ಕೀಲಿ ಹುಟ್ಟಿಸುವುದು ಇನ್ನೊಂದು.

“ಅಕ್ಷರ ಎಲ್ಲಾದಕ್ಕೂ ಒಂದೇ ಕಣೇ,” ಎಂದಳು. “ಅದನ್ನ ಎಪ್ಪತ್ತು ಸಲ ಯಾಕೆ ಜೋಡಿಸ್ಬೇಕು?” ಪೆಟ್ಟಿಗೆಯ ಭಾಷೆ ಅವಳ ಕಂಪ್ಯೂಟರಿಗೆ ಬರುವುದಿಲ್ಲ. ಆದ್ದರಿಂದ ತಾನೇ ಪೆಟ್ಟಿಗೆಯೆಂದು ನಟಿಸುವ ಒಂದು ಪ್ರೋಗ್ರಾಮನ್ನು ಒಳಗೆ ಕೂರಿಸಿ, ಅಚ್ಚು ಕಟ್ಟುವಾಗಲೇ ಅಕ್ಷರಗಳ ಕೆಲಸ ಮುಗಿಸಿದಳು. ಕೀಲಿಯನ್ನು ಹಾಗೆ ಮಾಡುವಂತಿಲ್ಲ. ಅಚ್ಚಿನೊಳಗೆ ಇಟ್ಟರೆ ಎಪ್ಪತ್ತು ಮನೆಗೂ ಒಂದೇ ಬೀಗದಕೈ ಕೊಟ್ಟಂತೆ. ಅದಕ್ಕೆ ಅಚ್ಚಿನ ಹೊರಗೆ ಪುಟ್ಟ ಮೂಲೆಯೊಂದನ್ನು ಬಿಟ್ಟಳು. ನಾವು ತಿರುಪು ಬಿಗಿಯುವಾಗ ಇಲ್ಲೇ ಮೇಜಿನ ಮೇಲೆ ಪ್ರತಿ ಪೆಟ್ಟಿಗೆಯ ಕೀಲಿ ಅಲ್ಲಿ ಬಿದ್ದು, ಆ ಮೂಲೆಗೂ ಬೀಗ ಬೀಳಬೇಕು. ಬಾಗಿಲು ದಾಟಿದ ಪೆಟ್ಟಿಗೆಗೆ ಬಾಕಿ ಕೆಲಸ ಇರಕೂಡದು.

ಮಂಗಳವಾರದ ವರದಿಯಲ್ಲಿ ಕೆಂಪು ಇರಲಿಲ್ಲ, ಮುಂದೂಡಿದ ಸಾಲೂ ಇರಲಿಲ್ಲ. ಒಂದು ಪೆಟ್ಟಿಗೆಯನ್ನು ನಡುವೆ ಇಟ್ಟು ಬೇಯಾ ಕರೆದಳು, “ಬನ್ರೇ, ಕೈಲಾದಷ್ಟು ಕೆಡಿಸಿ.” ಆರೂ ಜನ ಸರದಿಯಲ್ಲಿ ಪ್ಲಗ್ ಕಿತ್ತೆವು. ನಮ್ಮಲ್ಲೊಬ್ಬಳಾದ ಮಬ್ರೂಕಾ, “ಮಾವನ ಮೇಲಿನ ಸಿಟ್ಟೆಲ್ಲ ಇದರ ಮೇಲೆ,” ಎನ್ನುತ್ತ ಎಳೆದೆಳೆದು ಕಿತ್ತಳು. ಇನ್ನೂರು ಸಲ ಕಿತ್ತರೂ, ದೇವರ ದಯೆ, ಅದು ಇನ್ನೂರು ಸಲವೂ ಎದ್ದಿತು.

ಗುರುವಾರ ಲಾರಿಯ ಜೊತೆ ಹಾಜ್ ಮಹ್ಫೂದ್ ತಾವೇ ಬಂದರು. ಪೆಟ್ಟಿಗೆಗಳು ಏರಿದ ಮೇಲೆ ಬೇಯಾಳನ್ನು ಪಕ್ಕಕ್ಕೆ ಕರೆದರು.

“ಮಗಳೇ, ನಿನಗೊಂದು ಉಪಕಾರ ಮಾಡ್ತೀನಿ. ಕಾಯಿ ಬರೋವರೆಗೂ ಯಾರೂ ಸ್ವಿಚ್ ಮುಟ್ಟಬೇಡಿ ಅಂತ ಎಲ್ಲಾ ಗಾಣಕ್ಕೂ ಹೇಳಿಬಿಡ್ತೀನಿ. ನಮ್ಮನೇಲಿ ಸ್ವಿಚ್ ಒತ್ತೋ ನಮ್ಮಮ್ಮ ಮುನಿಸ್ಕೋತಾಳೆ, ತೊಂಬತ್ತರ ಮುದುಕಿ. ಮುನಿಸ್ಕೊಳ್ಲಿ ಬಿಡು, ನಿನ್ನ ಹೆಸರು ಉಳೀಬೇಕು.”

“ಬೇಡ ಹಾಜ್,” ಎಂದಳು ಬೇಯಾ. “ಅಮ್ಮನೇ ಒತ್ಲಿ. ಬಿಸ್ಮಿಲ್ಲಾ ಅಂದು ಹಚ್ಲಿ, ಮನಸ್ಸು ಬಂದಾಗ ಆರಿಸ್ಲಿ.”

“ಹೋದ ವರ್ಷ ಅವಳ ಕೈಯಲ್ಲೇ ಅಲ್ವೇನೇ ಅದು ಸತ್ತಿದ್ದು?”

“ಅದು ನನ್ನ ಕೈಯಲ್ಲಿ ಸತ್ತಿದ್ದು. ಸ್ವಿಚ್ ಮುಟ್ಟಬೇಡಿ ಅಂತ ಯಾರಿಗೂ ಹೇಳ್ಬೇಡಿ.”