ಗೋಡೆಗೆ ಬಾಯಾದವಳು

ರಿಮ್ಮಾ ಪಾವ್ಲೊವ್ನಾ ತನ್ನ ಆಟದ ಅಂಗಿಗೆ ಸೂರ್ಯಕಾಂತಿ ಎಣ್ಣೆ ಸವರಿ ತಿಕ್ಕುತ್ತಿದ್ದಾಳೆ. ಕಿಟಕಿಯಾಚೆ ವೋಲ್ಗಾ ನದಿ ಇನ್ನೂ ಕತ್ತಲಲ್ಲಿದೆ. ಒಲೆಯ ಮೇಲೆ ಗ್ರೇಚ್ಕಾ ಕಾಳಿನ ಗಂಜಿ ಕೊತಗುಟ್ಟುತ್ತಿದೆ. ಚೆಂಡು ಜಾರದಿರಲೆಂದು ಹ್ಯಾಂಡ್‌ಬಾಲ್ ಹುಡುಗಿಯರು ಬೆರಳಿಗೆ ಹಚ್ಚಿಕೊಳ್ಳುವ ಅಂಟು ಸೋಪಿಗೆ ಜಗ್ಗುವುದಿಲ್ಲ, ಎಣ್ಣೆಗೆ ಮಾತ್ರ ಬಿಡುತ್ತದೆ. ಅಂಗಿಯ ಎದೆ, ತೋಳು, ಪಕ್ಕೆ, ಎಲ್ಲೆಲ್ಲೂ ಬೆರಳಿನ ಕಪ್ಪು ಗುರುತು.

"ಇದ್ರಲ್ಲಿ ಒಂದೂ ನನ್ ಬೆರಳಲ್ಲ ದೊಡ್ಡಮ್ಮ," ಎನ್ನುತ್ತಾಳೆ. ದನಿ ಗೊಗ್ಗರು, ತುಕ್ಕು ಹಿಡಿದ ಬಾಗಿಲ ಹಾಗೆ. "ನಾನು ಅಂಟು ಹಚ್ಕೊಳೋದೇ ಇಲ್ಲ. ಚೆಂಡು ಕೈಗೆ ಸಿಕ್ಕಿದ್ರೆ ತಾನೆ? ಎಲ್ಲಾ ನನ್ ಮೇಲೆ ಬಂದು ಬಿದ್ದೋರ ಕೈ."

ಅವಳು ಆಡುವ ಕ್ರೀಡಾಂಗಣದಲ್ಲಿ ಪ್ರೇಕ್ಷಕರ ಕೋಟು ತೆಗೆದಿಡುವ ಕೆಲಸದಲ್ಲಿ ನಾನು ಬಹಳ ವರ್ಷ ಇದ್ದೆ. ಅದಕ್ಕೇ ಅಲ್ಲಿನ ಹುಡುಗಿಯರಿಗೆಲ್ಲ ನಾನು ದೊಡ್ಡಮ್ಮ. ಗೋಲು ಹೊಡೆದವರ ಹೆಸರು ಊರಿಗೆಲ್ಲ ಗೊತ್ತು, ಅವರ ಚಿತ್ರ ಟ್ರಾಮಿನ ಮೇಲೂ ಇದೆ. ರಿಮ್ಮಾ ಮಾತ್ರ ಟ್ರಾಮಿನೊಳಗೆ ನಿಂತುಕೊಂಡೇ ಹೋಗುತ್ತಾಳೆ, ಯಾರೂ ತಿರುಗಿ ನೋಡುವುದಿಲ್ಲ.

ಅವಳ ಕೆಲಸವೇ ಅಂಥದ್ದು. ಚೆಂಡು ಎದುರಾಳಿಗಳ ಕೈಗೆ ಹೋದ ಕೂಡಲೇ ಬೆಂಚಿನಿಂದೆದ್ದು ಓಡಿಬರಬೇಕು. ಗೋಲಿನ ಮುಂದೆ ಆರು ಜನ ಕೈಯೆತ್ತಿ ಕಟ್ಟುವ ಗೋಡೆಯ ನಡುವೆ ನಿಲ್ಲಬೇಕು. ಚೆಂಡು ನಮ್ಮವರಿಗೆ ಸಿಕ್ಕಿತೋ, ಮತ್ತೆ ಬೆಂಚಿಗೆ ಓಟ. ಅವಳ ಜಾಗಕ್ಕೆ ಗೋಲು ಹೊಡೆಯಬಲ್ಲವಳು ಬರುತ್ತಾಳೆ. ಹಾಗಾಗಿ ಊರು ಎದ್ದು ಚಪ್ಪಾಳೆ ತಟ್ಟುವಾಗೆಲ್ಲ ಅವಳು ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಕೂತಿರುತ್ತಾಳೆ.

"ಹತ್ತೊಂಬತ್ತು ವರ್ಷ ಆಡ್ದೆ. ಎದುರುಗಡೆ ಗೋಲಿನ ಬಲೆ ಹತ್ತಿರದಿಂದ ಹೇಗಿರುತ್ತೆ ಅಂತ ಇನ್ನೂ ಸರಿಯಾಗಿ ನೋಡಿಲ್ಲ," ಎಂದು ನಗುತ್ತಾಳೆ. ನಕ್ಕರೆ ಕೆಮ್ಮು ಬರುತ್ತದೆ.

ಹುಟ್ಟಿದ್ದು ನದಿಯ ಮೇಲ್ಗಡೆ, ವೆರ್ಬೋವ್ಕಾ ಎಂಬ ಸಣ್ಣ ಊರಿನಲ್ಲಿ. ಅಲ್ಲಿನ ಶಾಲೆಯ ಅಂಗಳದಲ್ಲಿ ಎಲ್ಲರಿಗಿಂತ ಉದ್ದ ಬೆಳೆದ ಹುಡುಗಿಯನ್ನು ಕ್ರೀಡಾ ವಸತಿಶಾಲೆಯವರು ಕರೆದುಕೊಂಡು ಬಂದರು. ಎಸೆಯಲು ಕೊಟ್ಟರೆ ಚೆಂಡು ಗೋಲು ಬಿಟ್ಟು ಬೇರೆಲ್ಲ ಕಡೆ ಹೋಯಿತು. ಆಗಿನ ತರಬೇತುದಾರರು ಅವಳನ್ನು ಗೋಡೆಯಲ್ಲಿ ನಿಲ್ಲಿಸಿದರು. ಒಮ್ಮೆ ರಾಷ್ಟ್ರೀಯ ತಂಡದ ಶಿಬಿರಕ್ಕೂ ಕರೆ ಬಂದಿತ್ತು, ಮೂರು ವಾರವಿದ್ದು ತಿರುಗಿ ಬಂದಳು. ಮೂಗು ಮುರಿದಿದೆ, ಕೊರಳೆಲುಬು ಮುರಿದಿದೆ. ಬೆರಳುಗಳ ಗಂಟು ದಪ್ಪವಾಗಿ ಮದುವೆಯ ಉಂಗುರವನ್ನು ಕತ್ತರಿಸಿ ತೆಗೆಸಬೇಕಾಯಿತು. "ಗಂಡ ಉಂಗುರಕ್ಕಿಂತ ಸಲೀಸಾಗಿ ಹೊರಟುಹೋದ," ಎನ್ನುತ್ತಾಳೆ, ಅಷ್ಟೇ.

ಆದರೆ ಈಗ ಅವಳನ್ನು ಸೋಲಿಸುತ್ತಿರುವುದು ಮೂಳೆಯಲ್ಲ, ಗಂಟಲು. ಗೋಡೆಯ ನಡುವೆ ನಿಂತವಳು ಬಾಯಿ ಮುಚ್ಚುವಂತಿಲ್ಲ. ಯಾರು ಎಲ್ಲಿ ನುಸುಳುತ್ತಿದ್ದಾರೆ, ಯಾರು ಯಾವ ಕಡೆ ಸರಿಯಬೇಕು ಎಂದು ಕೂಗುತ್ತಲೇ ಇರಬೇಕು. ಅವಳು ಸುಮ್ಮನಾದರೆ ಆರು ಜನ ಆರು ಕಂಬವಾಗುತ್ತಾರೆ. ಗಂಟಲಲ್ಲಿ ಸಣ್ಣ ಗಂಟು ಕಟ್ಟಿದೆ, ಇನ್ನು ಕೂಗಿದರೆ ದನಿ ಪೂರ್ತಿ ಹೋಗುತ್ತದೆ ಎಂದು ವೈದ್ಯರು ಹೇಳಿ ವರ್ಷವಾಗುತ್ತ ಬಂತು.

ವೆರ್ಬೋವ್ಕಾದ ಶಾಲೆ ಶರತ್ಕಾಲದಲ್ಲೇ ಅವಳನ್ನು ಕರೆದಿದೆ, ಹೆಣ್ಣುಮಕ್ಕಳಿಗೆ ಹ್ಯಾಂಡ್‌ಬಾಲ್ ಕಲಿಸಲು. ಅಲ್ಲಿ ಕೂಗಬೇಕಿಲ್ಲ, ಸೀಟಿ ಸಾಕು. ಒಪ್ಪಿಗೆಯ ಪತ್ರ ಬರೆದು, ಸಹಿ ಹಾಕಿ, ಲಕೋಟೆಗೆ ಸೇರಿಸಿ ಆಗಿದೆ. ಚೀಲದಲ್ಲಿದ್ದು ಇದ್ದು ಅದರ ಮೂಲೆಗಳು ಮೆತ್ತಗಾಗಿವೆ. ಮಾರ್ಚ್ ಮುಗಿಯುವುದರೊಳಗೆ ಕಾಗದ ತಲುಪದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಮುಖ್ಯೋಪಾಧ್ಯಾಯಿನಿ ಹೇಳಿಕಳಿಸಿದ್ದಾರೆ.

"ಅಂಚೆಗೆ ಹಾಕೋಕೇನೇ ಕಷ್ಟ?" ಎಂದು ಕೇಳುತ್ತೇನೆ.

ಒಳಕೋಣೆಯ ಬಾಗಿಲಿನತ್ತ ಗಲ್ಲ ತೋರಿಸುತ್ತಾಳೆ. "ಅಲ್ ಮಲಗಿದೆಯಲ್ಲ, ಅದೇ ಕಷ್ಟ. ಇದನ್ನ ಹೀಗೇ ಬಿಟ್ಟು ಹೋದ್ರೆ ಗೋಡೆ ಒಂದೇ ವಾರಕ್ಕೆ ಬೀಳುತ್ತೆ."

ಮಲಗಿರುವವಳು ಊಲ್ಯಾನಾ, ಎಲ್ಲರ ಬಾಯಲ್ಲಿ ಊಲ್ಯಾ, ಇಪ್ಪತ್ತರ ಹುಡುಗಿ. ಕ್ಲಬ್ಬು ಕೊಟ್ಟ ಈ ಮನೆಯಲ್ಲಿ ರಿಮ್ಮಾಳ ಜೊತೆಗಿದ್ದಾಳೆ, ಗೋಡೆಯಲ್ಲಿ ಅವಳ ಪಕ್ಕದಲ್ಲೇ ನಿಲ್ಲುತ್ತಾಳೆ. ರಿಮ್ಮಾಳಿಗಿಂತ ಚುರುಕಾದ ಕಾಲು, ಉದ್ದನೆಯ ಕೈ. ಬಾಯಿ ಮಾತ್ರ ಇಲ್ಲ. ಹಿರಿಯರನ್ನು ತಂದೆಯ ಹೆಸರು ಸೇರಿಸಿಯೇ ಕರೆಯಬೇಕೆಂದು ಕಲಿಸಿದ ಮನೆಯವಳು. ಎದ್ದು ಬಂದವಳೇ ನನಗೆ ತಲೆಬಾಗಿಸಿ, "ರಿಮ್ಮಾ ಪಾವ್ಲೊವ್ನಾ, ಚಹಾಕ್ಕೆ ರಾಸ್ಪ್‌ಬೆರಿ ಜಾಮ್ ಹಾಕ್ಲಾ? ನಿಮ್ ಗಂಟಲಿಗೆ ಒಳ್ಳೇದು," ಎನ್ನುತ್ತಾಳೆ.

"ನೋಡಿದ್ರಾ?" ಎನ್ನುತ್ತಾಳೆ ರಿಮ್ಮಾ. "ಆಟದಲ್ಲೂ ಹಿಂಗೇ."

ಉತ್ಪ್ರೇಕ್ಷೆಯಲ್ಲ. ಅಂದಿನ ಅಭ್ಯಾಸವನ್ನು ನಾನೇ ಕೂತು ನೋಡಿದೆ. ರಿಮ್ಮಾ ಬೇಕೆಂದೇ ತಪ್ಪು ಜಾಗದಲ್ಲಿ ನಿಂತಳು. ಊಲ್ಯಾ ಅದನ್ನು ಕಂಡಳು. "ರಿಮ್ಮಾ ಪಾವ್ಲೊವ್ನಾ, ದಯವಿಟ್ಟು ಸ್ವಲ್ಪ ಎಡಗಡೆ..." ಎನ್ನುವಷ್ಟರಲ್ಲಿ ಚೆಂಡು ಬಲೆಯೊಳಗೆ ಬಿದ್ದು ಉರುಳುತ್ತಿತ್ತು.

"ಏನೇ, ಹುಟ್ಟುಹಬ್ಬಕ್ಕೆ ಕರೀತಿದೀಯಾ ಅವಳನ್ನ?" ತರಬೇತುದಾರ ಗೆನ್ನಾಡಿ ಲ್ವೊವಿಚ್ ತಲೆ ಚಚ್ಚಿಕೊಂಡರು. "ಮರ್ಯಾದೆ ಬಿಟ್ಟು ರಿಮ್ಕಾ ಅನ್ನು! ರಿಮ್ಕಾ, ಎಡಕ್ಕೆ! ಮುಗೀತು!"

"ಹೇಗೆ ಸಾರ್ ಅನ್ಲಿ? ನಾನು ಚಿಕ್ಕೋಳಿದ್ದಾಗ ಮೈದಾನದ ಅಂಚಲ್ಲಿ ಇವರಿಗೆ ಚೆಂಡು ಎತ್ತಿ ಕೊಡ್ತಿದ್ದೆ," ಎಂದ ಹುಡುಗಿಯ ಕಿವಿ ಕೆಂಪಾಗಿತ್ತು.

"ಎಲ್ರೂ ಅಂತಾರಲ್ಲೇ," ಎಂದಳು ರಿಮ್ಮಾ. "ಮೀನಂಗಡಿಯವಳೂ ಅಂತಾಳೆ. ನೀನೊಬ್ಳು ಅಂದ್ರೆ ನಾನೇನು ಸವೀತೀನಾ?"

ಅಂದರೂ ಆಗಲಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು ಅಭ್ಯಾಸ. ಚಳಿಗಾಲವಿಡೀ ಇದೇ ಪಾಠ. ಇನ್ನೊಂದು ವರ್ಷ ಇದ್ದುಬಿಡು, ಈ ಹುಡುಗಿ ಬಾಯಿಬಿಡುವವರೆಗಾದರೂ ಎಂದು ಗೆನ್ನಾಡಿ ಲ್ವೊವಿಚ್ ಕೇಳುತ್ತಲೇ ಇದ್ದರು. ರಿಮ್ಮಾ ಚೀಲ ಹೆಗಲಿಗೇರಿಸಿ, ಊಲ್ಯಾಳನ್ನು ಕರೆದುಕೊಂಡು ಮನೆಗೆ ಹೊರಡುತ್ತಿದ್ದಳು.

ಮಾರ್ಚಿನ ಮೂರನೆಯ ಶನಿವಾರ ನಮ್ಮೂರಲ್ಲೇ ಪಂದ್ಯ. ಹೊರಗೆ ಹಿಮ ಕರಗಿ ಕೆಸರು, ಒಳಗೆ ಕಾಲಿಡಲು ಜಾಗವಿಲ್ಲ. ವಿರಾಮದ ಹೊತ್ತಿಗೆ ರಿಮ್ಮಾಳ ದನಿ ಸೀಳಿತ್ತು. ಎರಡನೆಯ ಅರ್ಧದಲ್ಲಿ ಅವಳ ಬಾಯಿ ಆಡುತ್ತಿರುವುದು ಕಾಣುತ್ತದೆ, ಸದ್ದು ಮಾತ್ರ ಇಲ್ಲ. ಗೋಡೆ ಬಿರುಕು ಬಿಟ್ಟಿತು. ಎದುರಾಳಿಗಳ ಗುಂಡುಗುಂಡನೆಯ ಹುಡುಗಿಯೊಬ್ಬಳು ರಿಮ್ಮಾಳ ಬೆನ್ನ ಹಿಂದೆ ನುಸುಳಿದಳು. "ರಿಮ್ಮಾ ಪಾವ್ಲೊ..." ಎಂಬುದು ಕೇಳಿಸಿತು. ಗೋಲು. ಇನ್ನೊಮ್ಮೆ ಹಾಗೇ ಗೋಲು. ನಾಲ್ಕು ಗೋಲಿನ ಮುನ್ನಡೆ ಒಂದಕ್ಕೆ ಇಳಿಯಿತು.

ಕೊನೆಯ ನಿಮಿಷ. ಆ ಗುಂಡನೆಯವಳು ಮತ್ತೆ ಜಾರಿ ಹಿಂದೆ ಬಂದಳು. ರಿಮ್ಮಾ ಅವಳನ್ನು ನೋಡಿರಲಿಲ್ಲ. ಆಗ ಬಂತು ಒಂದು ದನಿ. ಯಾರದೆಂದು ನನಗೂ ಒಂದು ಕ್ಷಣ ತಿಳಿಯಲಿಲ್ಲ.

"ರಿಮ್ಕಾ! ಎಡಕ್ಕೆ! ಎಡಕ್ಕೆ ಬಾರೇ, ಹಸು ಹಾಗೆ ನಿಂತಿದೀಯಲ್ಲೇ!"

ರಿಮ್ಮಾ ಯೋಚಿಸದೆ ಎಡಕ್ಕೆ ಹಾರಿದಳು. ಚೆಂಡು ಅವಳ ಪಕ್ಕೆಗೆ ಬಡಿದು ಹೊರಗೆ ಹೋಯಿತು. ಆಟ ಮುಗಿದ ಗಂಟೆ ಹೊಡೆಯಿತು, ನಾವು ಗೆದ್ದಿದ್ದೆವು. ಎಲ್ಲರೂ ಗೋಲು ಹೊಡೆದವರನ್ನು ತಬ್ಬಿಕೊಳ್ಳಲು ಓಡಿದರು. ಪಕ್ಕೆ ಹಿಡಿದು ನೆಲದ ಮೇಲೆ ಕೂತವಳ ಎದುರು ಊಲ್ಯಾ ಮೊಣಕಾಲೂರಿ ಅಳುತ್ತಿದ್ದಳು. "ಕ್ಷಮಿಸಿ ರಿಮ್ಮಾ ಪಾವ್ಲೊವ್ನಾ, ಬಾಯಿಗೆ ಬಂದದ್ದು ಬಂದ್ಬಿಡ್ತು..."

ರಿಮ್ಮಾ ಅವಳ ಕಿವಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡು ಪಿಸುಗುಟ್ಟಿದಳು. ಏನೆಂದಳು ಎಂದು ಆಮೇಲೆ ಊಲ್ಯಾಳನ್ನೇ ಕೇಳಿದೆ. "ಇಷ್ಟು ಒಳ್ಳೆ ಬಾಯನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ, ದರಿದ್ರದೋಳೇ, ಅಂದ್ರು," ಎಂದು ಮೂಗೊರೆಸಿಕೊಂಡಳು.

ಸೋಮವಾರ ಬೆಳಿಗ್ಗೆ ಮೂವರೂ ಅಂಚೆ ಕಚೇರಿಗೆ ಹೋದೆವು. ಹಿಂದಿನ ರಾತ್ರಿಯೇ ರಿಮ್ಮಾ ವೆರ್ಬೋವ್ಕಾದ ವಿಷಯವನ್ನೆಲ್ಲ ಹುಡುಗಿಗೆ ಹೇಳಿದ್ದಳು. ಊಲ್ಯಾಳ ಕಣ್ಣು ಊದಿತ್ತು, ಆದರೂ ಲಕೋಟೆಯನ್ನು ತಾನೇ ಹಿಡಿದಿದ್ದಳು. ಸಾಲು ಉದ್ದವಿತ್ತು. ನಮ್ಮ ಸರದಿ ಬಂದಾಗ ಕಿಟಕಿಯ ಹಿಂದಿನ ಹೆಂಗಸು ತಲೆಯೆತ್ತದೆ, "ಸಾದಾನೋ, ರಿಜಿಸ್ಟರೋ?" ಎಂದಳು.

ರಿಮ್ಮಾ ಏನೋ ಹೇಳಿದಳು. ಕೇಳಿಸಲಿಲ್ಲ.

"ಏನಮ್ಮ? ಬಾಯಿಬಿಟ್ಟು ಹೇಳಿ!"

"ರಿಜಿಸ್ಟರ್!" ಎಂದು ಕೂಗಿದಳು ಊಲ್ಯಾ. "ವೆರ್ಬೋವ್ಕಾಗೆ! ತಿಂಗಳ ಕೊನೆಯೊಳಗೆ ಮುಟ್ಲೇಬೇಕು!"

ಇಡೀ ಸಾಲು ತಿರುಗಿ ನೋಡಿತು. "ನಾನೇನು ಕಿವುಡಿಯೇನೇ ಹುಡುಗಿ?" ಎಂದು ಗೊಣಗಿಕೊಂಡೇ ಆ ಹೆಂಗಸು ಲಕೋಟೆಯ ಮೇಲೆ ಮುದ್ರೆ ಒತ್ತಿ, ಹಿಂದಿನ ಡಬ್ಬಿಗೆ ಎಸೆದಳು.

ರಿಮ್ಮಾ ನನ್ನ ಭುಜಕ್ಕೆ ಭುಜ ತಾಗಿಸಿ, ಇದ್ದಷ್ಟು ಉಸಿರಲ್ಲಿ ಹೇಳಿದಳು: "ಕೇಳಿದ್ರಾ ದೊಡ್ಡಮ್ಮ? ರಸ್ತೆ ಆಚೆಗೂ ಕೇಳ್ಸಿರುತ್ತೆ."